ಟಿಕಳಿ ಹಚ್ಚಿದ ಕೀಗಳು

ವೈನಿಯ ಬಲಗೈ ಮಣಿಕಟ್ಟಿಗೆ ಸದಾ ಹಳೇ ಸೀರೆಯ ಒಂದು ಪಟ್ಟಿ, ಒಳಗೆ ಅರಿಷಿಣ ಮತ್ತು ಉಪ್ಪು. ಮಧ್ಯಾಹ್ನದ ಹೊತ್ತಿಗೆ ಅದರ ಹಳದಿ ಕೀಬೋರ್ಡಿಗೆ ಇಳಿದಿರುತ್ತಿತ್ತು. ಆಫೀಸಿನ ಸಾಹೇಬರು ಬರುವುದರೊಳಗೆ ಸೆರಗಿನಿಂದ ಒರೆಸಿಬಿಡುತ್ತಿದ್ದರು.

ಅವರು ನನಗೆ ಸಂಬಂಧದಲ್ಲಿ ಅತ್ತಿಗೆಯೇನಲ್ಲ. ಅಥಣಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಎಲ್ಲರೂ ವೈನಿ ಎಂದೇ ಕರೆಯುತ್ತಿದ್ದರು. ತೊಂಬತ್ತರ ದಶಕದ ಮೊದಲ ವರ್ಷಗಳು. ಕಬ್ಬಿನ ತೂಕ ಆಗಷ್ಟೇ ಕಂಪ್ಯೂಟರಿಗೆ ಹತ್ತಿತ್ತು. ಪ್ರೋಗ್ರಾಮ್ ಬರೆಯುವವರು ನಾವಿಬ್ಬರೇ. ಐಗಳಿ ಊರಿನ, ಕಬ್ಬು-ದ್ರಾಕ್ಷಿ ಬೆಳೆಯುವ ದೊಡ್ಡ ಮನೆತನದ ಸಣ್ಣ ಸೊಸೆ ಅವರು. ಎಮ್ಮೆ ಹಿಂಡಿ, ಅಡಿಗೆ ಮುಗಿಸಿ, ಬಸ್ಸಿಗೆ ಜೋತುಬಿದ್ದು ಬಂದು ಕೂರುವಾಗಲೇ ಅವರ ಅರ್ಧ ದಿನ ಮುಗಿದಿರುತ್ತಿತ್ತು. ಆ ವರ್ಷಗಳೆಂದರೆ ನನಗೆ ಮೊದಲು ನೆನಪಾಗುವುದು ಆ ದಣಿವು.

ಪ್ರೋಗ್ರಾಮ್ ಬರೆಯುವವರಿಗೆ ಅಕ್ಷರಗಳಿಗಿಂತ ಚಿಹ್ನೆಗಳ ಕಾಟ ಹೆಚ್ಚು. ಬ್ರ್ಯಾಕೆಟ್ಟು, ಕೋಟ್ ಚಿಹ್ನೆ, ಎಂಟರ್, ಎಲ್ಲದಕ್ಕೂ ಬಲಗೈಯ ಕಿರುಬೆರಳೇ ಚಾಚಬೇಕು. ವೈನಿ ಒಮ್ಮೆ ಬೆರಳು ನೀವಿಕೊಳ್ಳುತ್ತ ಹೇಳಿದರು: “ಕಿರಿಬಟ್ಟ ಅಂದ್ರ ಸಣ್ಣ ಸೊಸಿ ಇದ್ದಂಗ ನೋಡವಾ. ಕಸಾ ಹೊಡಿ ಅಂದ್ರೂ ಅಕೀನ, ನೀರ ತಾ ಅಂದ್ರೂ ಅಕೀನ.”

ಕೊಲ್ಲಾಪುರದ ಡಾಕ್ಟರು ಕೈಗೆ ವಿಶ್ರಾಂತಿ ಕೊಡದಿದ್ದರೆ ಕೆಲಸ ಬಿಡಬೇಕಾದೀತು ಎಂದರಂತೆ. ಮನೆಯಲ್ಲಿ ಕಾದಾಡಿ ಗಳಿಸಿದ ಕೆಲಸ, ಬಿಡುವ ಮಾತೇ ಇರಲಿಲ್ಲ. ತಾವೇ ಬರೆದ ಪ್ರೋಗ್ರಾಮುಗಳನ್ನು ತಿರುವಿ, ಯಾವ ಚಿಹ್ನೆ ಹೆಚ್ಚು ಬರುತ್ತದೆಂದು ನೋಡಿದರು. ಬಲಗಡೆಯ ಅಂಕಿಗಳ ಪ್ಯಾಡಿಗೆ ಆ ಚಿಹ್ನೆಗಳನ್ನು ತಂದು ಕೂಡಿಸುವ ಒಂದು ಸಣ್ಣ ಪ್ರೋಗ್ರಾಮ್ ಬರೆದರು. ಉಪ್ಪು ಕೈಗೆಟುಕಬೇಕು, ಹುಣಸೆಹಣ್ಣು ಅಟ್ಟದ ಮೇಲಿದ್ದರೂ ನಡೆಯುತ್ತದೆ ಎನ್ನುವುದು ಅವರ ಲೆಕ್ಕ. ಬದಲಾದ ಕೀಗಳ ಗುರುತಿಗೆ ಹಣೆಗೆ ಹಚ್ಚುವ ಟಿಕಳಿ ಅಂಟಿಸಿದರು: ಕೆಂಪು ಬ್ರ್ಯಾಕೆಟ್ಟಿಗೆ, ಹಸಿರು ಕೋಟ್ ಚಿಹ್ನೆಗೆ. ಟಿಕಳಿ ಇರುವ ಮಷೀನಿಗೆ ತಮ್ಮನ್ನು ಕೇಳದೆ ಕೂರಬೇಡಿ ಎಂದು ಎಲ್ಲರಿಗೂ ಹೇಳಿದ್ದರು. ಕೆಲವೇ ವಾರಗಳಲ್ಲಿ ಮಣಿಕಟ್ಟಿನ ಬಾವು ಇಳಿಯಿತು.

ಆಮೇಲೆ ಖಂಡೇ ಪೂಜೆ, ಅಂದರೆ ಆಯುಧಪೂಜೆ, ಬಂತು. ನಮ್ಮಲ್ಲಿ ಕಬ್ಬು ಕಡಿಯುವ ಕೊಯಿತದಿಂದ ಕಂಪ್ಯೂಟರಿನವರೆಗೆ ಎಲ್ಲಕ್ಕೂ ಕುಂಕುಮ, ಹೂವು. ಪೂಜೆಯ ಮರುದಿನ ಸ್ವಚ್ಛ ಮಾಡಿದವರು ಟಿಕಳಿಗಳೂ ಪೂಜೆಯವೇ ಎಂದುಕೊಂಡು, ಭಕ್ತಿಯಿಂದಲೇ ಒಂದೊಂದಾಗಿ ಕಿತ್ತು ಹೂವಿನ ಜೊತೆ ಬಾವಿಗೆ ಬಿಟ್ಟರು. ಕಬ್ಬು ನುರಿಸುವ ಹಂಗಾಮು ಸುರುವಾದ ದಿನ ವೈನಿಯ ಬಸ್ಸು ತಡವಾಗಿತ್ತು. ಟಿಕಳಿ ಇಲ್ಲದ್ದು ಕಂಡು ಗುಮಾಸ್ತರು ಅವರ ಮಷೀನಿಗೆ ಕೂತು ತೂಕ ಹೊಡೆದರೆ, ಚೀಟಿಯಲ್ಲಿ ಅಂಕಿಯ ಬದಲು ಬರೀ ಬ್ರ್ಯಾಕೆಟ್ಟು. ಚಕ್ಕಡಿಗಳ ಸಾಲು ರಸ್ತೆಗೆ ಮುಟ್ಟಿತು, ಎತ್ತುಗಳು ಬಿಸಿಲಲ್ಲಿ ನಿಂತವು, ರೈತರು ಸಾಹೇಬರ ಬಾಗಿಲಿಗೆ ಬಂದರು.

ಸಾಹೇಬರು ಕೆಟ್ಟವರಲ್ಲ. “ಮಷೀನ ಎಲ್ಲಾರದ ಐತ್ರಿ ವೈನಿ. ಒಬ್ಬರ ಕೈ ಸಲುವಾಗಿ ಬ್ಯಾರೆ ಮಾಡಾಕ ಬರೂದಿಲ್ಲ,” ಎಂದರು.

“ಆತ್ರಿ,” ಎಂದರು ವೈನಿ.

ಆ ಹಂಗಾಮು ಪೂರ್ತಿ ಹಳೆಯ ಕೀಗಳಲ್ಲೇ ದುಡಿದರು. ಅರ್ಧ ಕೆಲಸ ನನಗೆ ಕೊಡಿ ಎಂದು ಎಷ್ಟು ಸಲ ಗೋಗರೆದರೂ ಕೊಡಲಿಲ್ಲ. ಕಾರ್ಖಾನೆಯ ಚಿಮಣಿ ತಣ್ಣಗಾಗುವ ಹೊತ್ತಿಗೆ ಅವರ ಬಲಗೈಯಲ್ಲಿ ಚಹಾದ ಕಪ್ಪು ನಿಲ್ಲುತ್ತಿರಲಿಲ್ಲ.

ಬೇಸಿಗೆಯಲ್ಲಿ ಎಡಗೈಯಿಂದಲೇ ಆ ಪ್ರೋಗ್ರಾಮನ್ನು ಮತ್ತೆ ಬರೆದರು. ಈ ಸಲ ಕೈ ತೆಗೆದು ಸ್ವಲ್ಪ ಹೊತ್ತಾದರೆ ಕೀಗಳು ತಾವಾಗಿ ಮೊದಲಿನಂತಾಗುತ್ತಿದ್ದವು. ಸಾಹೇಬರು ನೋಡಿ ಒಪ್ಪಿದರು. ಆದರೆ ಕೀಗಳನ್ನು ಜೋಡಿಸಿದ್ದು ನನ್ನ ಬೆರಳಳತೆಗೆ. ನಿಮ್ಮದು ಯಾಕೆ ಅಲ್ಲ ಎಂದು ಕೇಳಿದೆ.

“ನಂದ ಮುಗೀತು. ನಿನ್ನ ಕೈ ಇನ್ನಾ ಹೊಸಾದೈತಿ.”

ಮಳೆಗಾಲಕ್ಕೆ ಮೊದಲೇ ಕೆಲಸ ಬಿಟ್ಟರು. ನಾನು ಹಂಗಾಮಿನ ಮೇಲೆ ಹಂಗಾಮು ಅದೇ ಕೀಗಳ ಮೇಲೆ ದುಡಿದೆ, ಕೈ ಒಂದು ದಿನವೂ ನೋಯಲಿಲ್ಲ. ಅವರನ್ನು ನೋಡಲು ಹೋಗಬೇಕೆಂದುಕೊಳ್ಳುತ್ತಲೇ ವರ್ಷಗಳು ಸರಿದವು. ಕೊನೆಗೆ ಹೋದದ್ದು ಅವರು ತೀರಿಕೊಂಡ ಸುದ್ದಿ ಕೇಳಿ. ಅವರ ನೆಗೆಣ್ಣಿ, ಆ ಮನೆಯ ಹಿರಿಯ ಸೊಸೆ, ನಾನು ಯಾರೆಂದು ಕೇಳದೆಯೇ, ಪಕ್ಕದಲ್ಲಿ ಕೂತು ಮಾತಾಡಿದರು.

“ಕಡೀಕ ತಲಿ ಬಾಚಕೊಳ್ಳಾಕೂ ಬರ್ತಿದ್ದಿಲ್ಲವಾ ಅಕಿಗೆ. ನಾನ ಹೆಳಲ ಹಾಕ್ತಿದ್ದೆ. ಅದಕ್ಕ ಒಂದಿನಾನೂ ಅಳಲಿಲ್ಲ. ಫ್ಯಾಕ್ಟರ್‍ಯಾಗ ಒಂದ ಹುಡುಗಿ ಕೈ ಉಳಿಸಿ ಬಂದೇನಿ ಅಂತಿದ್ಲು.”

ಆ ಹುಡುಗಿ ನಾನೇ; ನೋಯದ ನನ್ನ ಕೈಗಳನ್ನು ಸೆರಗಿನೊಳಗೆ ಸರಿಸಿಕೊಂಡೆ.