ಮೀನೆಣ್ಣೆಯ ಚಮಚ

ನನ್ನ ತಂಗಿಯ ಮಗಳಿಗೆ ಆಟಿಸಂ ಇದೆ ಎಂದು ಡಾಕ್ಟರು ಹೇಳಿದ ವಾರದಲ್ಲೇ ತಂಗಿ ಮೊದಲ ಮೀನೆಣ್ಣೆಯ ಬಾಟಲಿ ಕೊಂಡು ತಂದಳು. ಮಗುವಿಗೆ ಆಗ ನಾಲ್ಕು ತುಂಬಿತ್ತು. ಮಾತು ಬಂದಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ನಾನು ಒಂಟಿಕೊಪ್ಪಲ್‌ನ ಮನೆಯಲ್ಲಿ ಬ್ಲೌಸು ಹೊಲಿಯುತ್ತೇನೆ, ಒಬ್ಬಳೇ ಇದ್ದೇನೆ. ತಂಗಿ ಬೋಗಾದಿಯಲ್ಲಿ, ಗಂಡನ ಜೊತೆ. ಶನಿವಾರ ಮಗುವನ್ನು ನನ್ನ ಹತ್ತಿರ ಬಿಟ್ಟು ಹೋಗುತ್ತಿದ್ದಳು. ಮಗು ಬಟ್ಟೆ ಚೂರುಗಳ ರಾಶಿಯಲ್ಲಿ ನುಣುಪಾದ ತುಂಡೊಂದನ್ನು ಹುಡುಕಿ ಕೆನ್ನೆಗೆ ಒತ್ತಿಕೊಂಡು ಮಲಗುತ್ತಿತ್ತು. ನನಗೆ ಅದರಿಂದ ಯಾವ ತೊಂದರೆಯೂ ಇರಲಿಲ್ಲ.

ತೊಂದರೆ ಇದ್ದದ್ದು ತಂಗಿಯನ್ನು ನೋಡುವುದರಲ್ಲಿ. ಅವಳು ಒಂದು ಕಡೆ ಕೂರುತ್ತಿರಲಿಲ್ಲ. ಕಾಫಿ ಲೋಟ ಕೈಗೆ ಕೊಟ್ಟರೆ ಅದನ್ನು ಹಿಡಿದುಕೊಂಡೇ ಬಾಗಿಲವರೆಗೆ ಹೋಗಿ ಬರುವಳು, ಫೋನು ನೋಡುವಳು, ಕಾಫಿ ಆರಿಹೋಗುವುದು. ಇಂಥ ಮಕ್ಕಳ ತಾಯಂದಿರ ಗುಂಪೊಂದಕ್ಕೆ ಸೇರಿದ್ದಳು. ಅಲ್ಲಿ ಯಾರೋ ಒಬ್ಬರು, ಒಮೆಗಾ ಇರುವ ಮೀನೆಣ್ಣೆ ಶುರು ಮಾಡಿದ ಮೇಲೆ ನನ್ನ ಮಗ 'ಅಮ್ಮ' ಅಂದ ಎಂದು ಬರೆದಿದ್ದರು. ಆ ಒಂದು ಸಾಲನ್ನು ತಂಗಿ ನನಗೆ ಎಷ್ಟೋ ಸಲ ಓದಿ ಹೇಳಿದ್ದಾಳೆ.

ಅವಳ ಅತ್ತೆ ಇಲವಾಲದ ಹತ್ತಿರದ ಹಳ್ಳಿಯವರು. ಬಾಟಲಿ ನೋಡಿ, "ಮೀನಿನ್ ಎಣ್ಣೆ ಯಾಕವ್ವಾ? ಮೀನೇ ತಿನ್ಸು" ಅಂದರು. ಮುಂದಿನ ವಾರ ಕೆರೆಮೀನು ತಂದು ಸಾರು ಮಾಡಿದರು. ಮಗು ಅಡುಗೆಮನೆಯ ಕಡೆ ತಲೆಯೇ ಹಾಕಲಿಲ್ಲ. ಅತ್ತೆಗೂ ಬೇಜಾರಾಯಿತು.

ಬಾಟಲಿಯ ಮೇಲೆ ನಿಂಬೆಹಣ್ಣಿನ ಚಿತ್ರವಿತ್ತು. ಮುಚ್ಚಳ ತೆಗೆದರೆ ಮೊದಲು ನಿಂಬೆಯೇ ಮೂಗಿಗೆ ಬರುವುದು, ಅದರ ಹಿಂದೆಯೇ ಮೀನು ಬರುವುದು. ಮೊದಲ ದಿನ ಮಗು ಚಮಚ ಬಾಯಿಗೆ ತಗೊಂಡು ಉಗಿದುಬಿಟ್ಟಿತು. ಆಮೇಲೆ ತಂಗಿ ಅದನ್ನು ಹಾಲಿಗೆ ಹಾಕಿದಳು. ಮಗು ಹಾಲು ಕುಡಿಯುವುದನ್ನೇ ಬಿಟ್ಟಾಗ ದೋಸೆಹಿಟ್ಟಿಗೆ ಹಾಕಿದಳು. ಅಷ್ಟರಲ್ಲಿ ಬೇರೆ ಬಾಟಲಿಗಳೂ ಬಂದಿದ್ದವು. ಮೆದುಳು ಚುರುಕಾಗಲು ಒಂದು ಸಿರಪ್ಪು, ನಿದ್ದೆಗೆ ಒಂದು ಪುಡಿ, ವಿಟಮಿನ್ ಹನಿ, ಇನ್ನೊಂದು ಬಗೆಯ ಮೀನೆಣ್ಣೆ. ಫ್ರಿಜ್ಜಿನ ಬಾಗಿಲಲ್ಲಿ ಉಪ್ಪಿನಕಾಯಿಗೆ ಜಾಗವಿರಲಿಲ್ಲ. ಶನಿವಾರ ಮಗುವಿನ ಜೊತೆ ಒಂದು ಚೀಲವೂ ನನ್ನ ಮನೆಗೆ ಬರುತ್ತಿತ್ತು. ಯಾವುದನ್ನು ಯಾವುದರಲ್ಲಿ ಕಲಸಬೇಕೆಂದು ತಂಗಿ ಗೇಟಿನ ಹೊರಗೆ ಸ್ಕೂಟರ್ ಆಫ್ ಮಾಡದೆಯೇ ಹೇಳಿ ಹೋಗುವಳು.

ಮಗು ಮನಸಾರೆ ತಿನ್ನುತ್ತಿದ್ದದ್ದು ಮೊಸರನ್ನ ಒಂದೇ. ಕೊನೆಗೆ ಎಣ್ಣೆ ಅದಕ್ಕೂ ಬಿತ್ತು. ಎರಡು ತುತ್ತು ತಿಂದ ಮಗು ಮೂರನೆಯದಕ್ಕೆ ಬಾಯಿ ಮುಚ್ಚಿತು. ಆಮೇಲೆ ಎಣ್ಣೆ ಹಾಕದ ಮೊಸರನ್ನ ಇಟ್ಟರೂ ಮುಟ್ಟಲಿಲ್ಲ. ಚಮಚ ಕಂಡರೆ ಸಾಕು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಮೇಜಿನ ಕೆಳಗೆ ಸೇರಿಕೊಳ್ಳುತ್ತಿತ್ತು.

ಕೆಲವು ದಿನಗಳಲ್ಲೇ ಮಗುವಿನ ಮುಖ ಸಣ್ಣಗಾಯಿತು. ತಂಗಿ ಕೆಲಸಕ್ಕೆ ರಜೆ ಹಾಕಿ ದಿನವೂ ಅವಳನ್ನು ಕರೆದುಕೊಂಡು ನನ್ನ ಮನೆಗೆ ಬರತೊಡಗಿದಳು. ಇಬ್ಬರೂ ಸೇರಿ ಇಡ್ಲಿ, ಉಪ್ಪಿಟ್ಟು, ಪಾಯಸ ಎಲ್ಲ ಮಾಡಿ ಇಟ್ಟೆವು. ಮಗು ಮೂಸಿ ನೋಡಿ ಹಿಂದೆ ಸರಿಯುತ್ತಿತ್ತು. ಒಂದು ಮಧ್ಯಾಹ್ನ ನಾನು ಬ್ಲೌಸಿಗೆ ಕೊಕ್ಕೆ ಹಾಕಲು ಕೂತಿದ್ದಾಗ ಅವಳು ಕಪಾಟಿನ ಕೆಳಗಿನ ಅರೆಯಿಂದ ಕಡ್ಲೆಪುರಿಯ ಪೊಟ್ಟಣ ಎಳೆದುಕೊಂಡಳು. ಒಂದೊಂದೇ ಪುರಿಯನ್ನು ಬೆಳಕಿಗೆ ಹಿಡಿದು ನೋಡಿ ತಿಂದಳು. ಆಮೇಲೆ ಬಾಳೆಹಣ್ಣು. ನಾನು ಸುಲಿದು ಕೊಟ್ಟದ್ದನ್ನು ದೂಡಿ, ಚಿಪ್ಪಿನಿಂದ ಇನ್ನೊಂದನ್ನು ತಾನೇ ಕಿತ್ತು, ತಾನೇ ಸುಲಿದು ತಿಂದಳು.

ನನ್ನ ಕೈ ನಿಂತಿತು. ಅವಳು ತಿನ್ನುತ್ತಿದ್ದದ್ದು ಏನನ್ನೂ ಬಚ್ಚಿಡಲಾಗದ ಪದಾರ್ಥಗಳನ್ನು ಮಾತ್ರ.

ತಂಗಿಗೆ ಹೇಳಿದೆ. "ಅವಳಿಗೆ ಹಸಿವಿದೆ ಕಣೆ. ನಮ್ಮ ಮೇಲೇ ನಂಬಿಕೆ ಇಲ್ಲ. ಈ ಎಣ್ಣೆ ಎಲ್ಲ ಸ್ವಲ್ಪ ದಿನ ನಿಲ್ಸಿ ನೋಡು."

"ನಿಲ್ಸಿ?" ಅವಳು ಫೋನಿನಿಂದ ತಲೆ ಎತ್ತಿದಳು. "ಈ ವಯಸ್ಸು ದಾಟಿದ್ರೆ ಮೆದುಳು ಗಟ್ಟಿ ಆಗ್ಬುಡತ್ತೆ ಅಂತಾರೆ, ಗೊತ್ತಾ? ನಿಂಗೇನಕ್ಕ, ಸಂಜೆ ಆದ್ರೆ ಕಳಿಸ್ಬುಡ್ತೀಯ. ಕೂತು ಯೋಚ್ನೆ ಮಾಡೋಳು ನಾನು."

ಆ ಮಾತು ನನಗೆ ನಾಟಿತು. ಜಗಳವಾಡಲಿಲ್ಲ. ಅವಳು ಮಗುವನ್ನು ಎತ್ತಿಕೊಂಡು ಚಪ್ಪಲಿ ಹಾಕಿಕೊಳ್ಳುವಾಗ ಆತುರದಲ್ಲಿ ಬಕಲ್ ಸಿಗುತ್ತಿರಲಿಲ್ಲ. ನಾನು ಬಗ್ಗಿ ಹಾಕಿಕೊಟ್ಟೆ. ಮರುದಿನ ಅವಳ ಗಂಡ ಫೋನ್ ಮಾಡಿ, "ಅಕ್ಕ, ನಾನ್ ಹೇಳಿದ್ರೆ ಕೇಳಲ್ಲ. ಡಾಕ್ಟ್ರ ಹತ್ರ ನೀವೂ ಜೊತೇಲಿ ಬನ್ನಿ" ಅಂದ.

ಮಕ್ಕಳ ಡಾಕ್ಟರು ನಮ್ಮ ವಯಸ್ಸಿನ ಹೆಂಗಸು. ಕೊಡುತ್ತಿರುವುದನ್ನೆಲ್ಲ ತನ್ನಿ ಎಂದಿದ್ದರು. ತಂಗಿ ಚೀಲವನ್ನು ಮೇಜಿನ ಮೇಲೆ ಬರಿದು ಮಾಡಿದಳು. ಡಾಕ್ಟರು ಒಂದೊಂದನ್ನೇ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದರು. ಮೂರು ಬಾಟಲಿಗಳನ್ನು ಬದಿಗೆ ಸರಿಸಿದರು. ತಂಗಿಯ ಕಾಲು ಮೇಜಿನ ಕೆಳಗೆ ಅಲ್ಲಾಡುತ್ತಲೇ ಇತ್ತು.

"ಈ ಮೂರರಲ್ಲೂ ವಿಟಮಿನ್ ಎ ಇದೆ. ಹೆಚ್ಚಾದ್ರೆ ದೇಹ ಅದನ್ನ ಸುಲಭವಾಗಿ ಹೊರಗೆ ಹಾಕಲ್ಲ, ಒಳಗೇ ಸೇರ್ತಾ ಹೋಗುತ್ತೆ. ಇವತ್ತೇ ನಿಲ್ಸಿ. ಒಂದು ರಕ್ತ ಪರೀಕ್ಷೆ ಮಾಡಿಸೋಣ."

"ಮತ್ತೆ ಒಮೆಗಾ?"

"ಅದರಿಂದ ಆಟಿಸಂ ಹೋಗುತ್ತೆ ಅಂತ ಯಾರು ಹೇಳಿದ್ರೂ ನಂಬಬೇಡಿ. ಕೆಲವು ಮಕ್ಕಳಿಗೆ ಚಡಪಡಿಕೆ ಸ್ವಲ್ಪ ಕಮ್ಮಿ ಆಗ್ಬಹುದೇನೋ ಅಂತ ನೋಡಿದಾರೆ. ಗಟ್ಟಿಯಾಗಿ ಹೇಳೋ ಹಾಗೇನೂ ಸಿಕ್ಕಿಲ್ಲ. ಅದಕ್ಕೋಸ್ಕರ ಮೊಸರನ್ನ ಕಳಕೊಳ್ಳೋದು ಬೇಡಮ್ಮ. ಮೊದ್ಲು ಅವಳಿಗೆ ಊಟದ ಮೇಲೆ ನಂಬಿಕೆ ಬರ್ಬೇಕು."

ತಂಗಿ ಬಾಟಲಿಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದಳು. ಕೊನೆಯದನ್ನು ಕೈಯಲ್ಲೇ ಹಿಡಿದು ಕೇಳಿದಳು. "ಹಾಗಾದ್ರೆ ನಾನೇನ್ ಮಾಡ್ಲಿ ಮೇಡಂ? ದಿನಾ ಬೆಳಿಗ್ಗೆ ಎದ್ದು ನಾನೇನ್ ಮಾಡ್ಲಿ?"

ಮಾತು ಕಲಿಸುವವರ ಹತ್ತಿರ ಹೋಗುವುದನ್ನು ಬಿಡಬೇಡಿ, ತಿನ್ನು ಅಂತ ಹೇಳದೆ ಅವಳ ಮುಂದೆ ಕೂತು ನೀವು ತಿನ್ನಿ, ಚಮಚವನ್ನು ಕಣ್ಣಿಗೆ ಕಾಣದ ಹಾಗೆ ಇಡಿ ಅಂದರು ಡಾಕ್ಟರು. ಅಷ್ಟೇ. ತಂಗಿ ಅದಕ್ಕಿಂತ ದೊಡ್ಡದೇನೋ ಬರುತ್ತದೆ ಎಂದು ಕಾದವಳಂತೆ ಇನ್ನೂ ಸ್ವಲ್ಪ ಹೊತ್ತು ಕೂತಿದ್ದಳು. ಹೊರಗೆ ಬಂದು ಸ್ಕೂಟರಿನ ಪಕ್ಕ ನಿಂತು ಅತ್ತಳು. ಮಗು ಅವಳ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಅದರೊಳಗಿಂದ ಬಿಸಿಲನ್ನು ನೋಡುತ್ತಿತ್ತು.

ರಕ್ತದಲ್ಲಿ ಕಬ್ಬಿಣದಂಶ ಸ್ವಲ್ಪ ಕಡಿಮೆ ಇತ್ತು, ಬೇರೆ ಹೆದರುವಂಥದ್ದೇನೂ ಇರಲಿಲ್ಲ. ಆದರೆ ಊಟ ಕೂಡಲೇ ಮರಳಿ ಬರಲಿಲ್ಲ. ನಾವು ನೆಲದ ಮೇಲೆ ಕೂತು ಮೊಸರನ್ನ ಕಲಸಿ ತಿನ್ನುತ್ತಿದ್ದೆವು, ಮಗು ಪುರಿ ಹಿಡಿದು ಬಾಗಿಲ ಹತ್ತಿರ ಕೂರುವುದು. ತಂಗಿಯ ಕೈ ಅವಳ ಕಡೆಗೆ ತುತ್ತು ಚಾಚಲು ತಾನಾಗಿ ಏಳುವುದು. ನಾನು ಕಣ್ಣಲ್ಲೇ ಬೇಡ ಅನ್ನುವೆ. ತಂಗಿ ಆ ತುತ್ತನ್ನು ತನ್ನ ಬಾಯಿಗೇ ಹಾಕಿಕೊಂಡು ಕಷ್ಟಪಟ್ಟು ನುಂಗುವಳು. ಹಾಗೆ ಸುಮ್ಮನೆ ಕೂತು ತಿನ್ನುವುದು ಅವಳಿಗೆ ಎಣ್ಣೆ ಕುಡಿಸುವುದಕ್ಕಿಂತ ಕಷ್ಟವಾಗಿತ್ತು.

ಒಂದು ದಿನ ಮಗು ಬಂದು ನನ್ನ ತಟ್ಟೆಯ ಪಕ್ಕ ಕೂತಿತು. ಇನ್ನೊಂದು ದಿನ ಬೆರಳು ಅದ್ದಿ ಮೂಸಿತು. ಆಮೇಲೊಂದು ಬೆಳಿಗ್ಗೆ ಬೋಗಾದಿಯ ಮನೆಯಲ್ಲಿ, ಯಾರೂ ಹೇಳದೆ, ಫ್ರಿಜ್ಜು ತೆಗೆದು ಮೊಸರಿನ ಪಾತ್ರೆ ಹೊರಗೆಳೆದು, ಅರ್ಧ ನೆಲಕ್ಕೆ ಚೆಲ್ಲಿ, ಉಳಿದರ್ಧವನ್ನು ಅನ್ನಕ್ಕೆ ಸುರಿದುಕೊಂಡಳಂತೆ. ತಂಗಿ ಫೋನ್ ಮಾಡಿ, "ಅಕ್ಕ, ತಿಂತಾ ಇದಾಳೆ" ಎಂದು ಪಿಸುಗುಟ್ಟಿದಳು. ನಾನೂ ಪಿಸುದನಿಯಲ್ಲೇ ಮಾತಾಡಿದೆ.

ಈಗ ಮಗುವಿಗೆ ಐದೂವರೆ. ಎರಡು ಮೂರು ಮಾತು ಬಂದಿದೆ, ಅದರಲ್ಲಿ 'ಬೇಡ' ಬಹಳ ಸ್ಪಷ್ಟ. ತಂಗಿಯ ಚಡಪಡಿಕೆ ಹೋಗಿಲ್ಲ. ಹೊಸ ಎಣ್ಣೆ, ಹೊಸ ಪುಡಿಯ ವಿಡಿಯೋಗಳು ನನಗೆ ಇನ್ನೂ ಬರುತ್ತವೆ. ವ್ಯತ್ಯಾಸ ಇಷ್ಟೇ, ಈಗ ಅವಳು ಕೊಳ್ಳುವ ಮೊದಲು ಡಾಕ್ಟರನ್ನು ಕೇಳುತ್ತಾಳೆ, ಬೇಡವೆಂದರೆ ಎರಡು ದಿನ ಮುಖ ಊದಿಸಿಕೊಂಡಿರುತ್ತಾಳೆ.

ಸಂಜೆ ಮನೆಯಲ್ಲಿ ಕೂರಲಾರದೆ ಮಗುವನ್ನು ಕರೆದುಕೊಂಡು ಬೋಗಾದಿಯ ಹೊಸ ಬಡಾವಣೆಯಲ್ಲಿ ಸುತ್ತುತ್ತಾಳೆ. ಅಲ್ಲೊಂದು ಮನೆ ಏಳುತ್ತಿತ್ತು. ಕಾಂಕ್ರೀಟ್ ಕಲಸುವ ಯಂತ್ರ ತಿರುಗುವುದನ್ನು ನೋಡಿ ಮಗು ಮೊದಲ ಸಲ ತಾನಾಗಿ ಅಮ್ಮನ ಕೈ ಹಿಡಿದು ಎಳೆಯಿತಂತೆ, ನೋಡು ಅನ್ನುವ ಹಾಗೆ. ಅಂದಿನಿಂದ ದಿನವೂ ಇಬ್ಬರೂ ಅಲ್ಲಿ ಹೋಗಿ ನಿಲ್ಲುತ್ತಿದ್ದರು. ಕೆಲಸದವರು ಅವರಿಗೆಂದೇ ಒಂದು ಇಟ್ಟಿಗೆ ರಾಶಿ ಸರಿ ಮಾಡಿ ಕೂರಲು ಜಾಗ ಮಾಡಿಕೊಟ್ಟಿದ್ದರು.

ಮೊನ್ನೆ ತಂಗಿ ಫೋನ್ ಮಾಡಿದಳು. ದನಿಯಲ್ಲಿ ಅದೇ ಆತುರ. "ಅಕ್ಕ, ಆ ಮನೇದು ತಾರಸಿ ಮೋಲ್ಡ್ ಎಲ್ಲ ಮುಗ್ದೋಯ್ತು. ಯಂತ್ರ ತಗೊಂಡು ಹೋಗ್ಬುಟ್ರು. ನಿಮ್ಮ ಕಡೆ ಎಲ್ಲಾದ್ರೂ ಮನೆ ಕಟ್ತಾ ಇದಾರಾ, ನೋಡು."

ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಚಪ್ಪಲಿ ಹಾಕಿಕೊಂಡು ನಾನು ಬೀದಿಗೆ ಇಳಿದೆ.