ಬೆಳ್ಳಗಾದ ಮಣ್ಣೆತ್ತು

ಕಾಲುವೆಗೆ ಹೊಸದಾಗಿ ನೀರು ಬಿಟ್ಟ ವರ್ಷಗಳಲ್ಲಿ ಶಹಾಪುರ, ಸುರಪುರದ ನಡುವಿನ ಹಳ್ಳಿಗಳಲ್ಲಿ ಬೆಳೆದವರಿಗೆ ಆಗಿನ ವಾಸನೆ ನೆನಪಿರಬಹುದು. ಅದಕ್ಕೆ ಮೊದಲು ನಮ್ಮೂರಿನ ಗಾಳಿಯಲ್ಲಿ ಜೋಳದ ಕಣಕಿಯ, ಒಣ ಸೆಗಣಿಯ ವಾಸನೆ ಇರುತ್ತಿತ್ತು. ನೀರು ಬಂದ ಮೇಲೆ ಬೆಳಗಾಗುತ್ತಲೇ ಹಸಿ ಕೆಸರಿನ ವಾಸನೆ ಮನೆಯೊಳಗೆ ಬರತೊಡಗಿತು. ನಮಗದು ಇಷ್ಟವಾಗಿತ್ತು. ಮಕ್ಕಳೆಲ್ಲ ಕಾಲುವೆಯ ಏರಿಯ ಮೇಲೆ ಸಾಲಾಗಿ ಕೂತು ಸುಮ್ಮನೆ ನೀರು ನೋಡುತ್ತಿದ್ದೆವು. ಬೇಸಿಗೆಯಲ್ಲಿ ಅಷ್ಟು ನೀರು ಹರಿಯುವುದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ.

ನನ್ನ ಅಕ್ಕ ಶರಣಮ್ಮ ಹೋದ ತಿಂಗಳು ತೀರಿಕೊಂಡಳು. ಆಕೆಯ ಬಗ್ಗೆ ಬರೆಯಲು ಕೂತರೆ ಆ ವರ್ಷಗಳ ಮಣ್ಣೆತ್ತುಗಳೇ ಕಣ್ಣ ಮುಂದೆ ಬರುತ್ತವೆ. ಬೇರೇನೂ ಬರುವುದಿಲ್ಲ. ಅಳುವೂ ಇನ್ನೂ ಬಂದಿಲ್ಲ. ನೆನಪಿದ್ದಷ್ಟು ಬರೆಯುತ್ತೇನೆ.

ಕಾರಹುಣ್ಣಿಮೆ ಕಳೆದು ಬರುವ ಅಮಾವಾಸ್ಯೆಗೆ ನಮ್ಮ ಕಡೆ ಮನೆಮನೆಯಲ್ಲೂ ಮಣ್ಣಿನ ಎತ್ತುಗಳನ್ನಿಟ್ಟು ಪೂಜೆ ಮಾಡುತ್ತಾರೆ. ಬೇರೆ ಓಣಿಯವರು ಕುಂಬಾರರ ಮನೆಯಿಂದ ತರುತ್ತಿದ್ದರು. ನಮ್ಮ ಓಣಿಗೆಲ್ಲ ಅಕ್ಕನೇ ಮಾಡಿಕೊಡುತ್ತಿದ್ದಳು. ನಮ್ಮ ಹೊಲದ ತಗ್ಗಿನ ಮೂಲೆಯಲ್ಲಿ ಎರೆಮಣ್ಣು ಬೆಣ್ಣೆಯ ಹಾಗೆ ಇತ್ತು. ಅದನ್ನು ತಂದು ನೆನೆಹಾಕಿ, ಹರಳು ಆರಿಸಿ, ಚೂರು ಹತ್ತಿ ಬೆರೆಸಿ, ರೊಟ್ಟಿಯ ಹಿಟ್ಟು ನಾದುವಂತೆ ನಾದುತ್ತಿದ್ದಳು. ಆಮೇಲೆ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ.

ಆಕೆ ಮಾಡುತ್ತಿದ್ದದ್ದು ಎಲ್ಲರಿಗೂ ಒಂದೇ ಥರದ ಎತ್ತಲ್ಲ. ಯಾರ ಮನೆಗೆ ಮಾಡುತ್ತಾಳೋ ಆ ಮನೆಯ ಎತ್ತು. ಒಬ್ಬರ ಎಡಗಡೆ ಎತ್ತಿನ ಕೊಂಬು ಒಳಗೆ ಬಾಗಿತ್ತು, ಮಣ್ಣಿನಲ್ಲೂ ಬಾಗುತ್ತಿತ್ತು. ಮತ್ತೊಬ್ಬರ ಎತ್ತಿನ ಕಿವಿ ಹರಿದಿತ್ತು, ಅದನ್ನೂ ಬಿಡುತ್ತಿರಲಿಲ್ಲ. ಕಣ್ಣಿಗೆ ಗುಲಗಂಜಿ, ಕೊರಳಿಗೆ ಸಾಸಿವೆಕಾಳಿನ ಗೆಜ್ಜೆಸರ. ಹಬ್ಬಕ್ಕೆ ಮುಂಚೆ ವಾರಗಟ್ಟಲೆ ದನದ ಕೊಟ್ಟಿಗೆಗಳಲ್ಲಿ ನಿಂತು ಅವುಗಳ ಮೈ ನೋಡುತ್ತಿದ್ದಳು.

ಒಂದು ಸಲ ಎದುರುಮನೆಯ ಮಲ್ಲಪ್ಪ ಮಾವ ತನ್ನ ಮಣ್ಣೆತ್ತನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ.

“ಏನವಾ ಶರಣಿ, ಹೊಟ್ಟಿ ಇಷ್ಟು ಒಳಗ ಹೋಗ್ಯಾದಲ್ಲ. ನಾ ಮೇವು ಹಾಕಲ್ಲಂತ ಊರಿಗೆಲ್ಲ ಹೇಳಾಕತ್ತೀಯೇನು?”

“ನಾ ಏನೂ ಹೇಳಂಗಿಲ್ಲ ಮಾವ. ಎತ್ತ ಹೇಳಾಕತ್ತದ.”

“ಬಾಯಿ ನೋಡು ಈಕೀದು,” ಎಂದು ಮಾವ ನಕ್ಕ. ಆ ವರ್ಷ ಅವನ ಎತ್ತಿಗೆ ಮೇವು ಹೆಚ್ಚಾಯಿತು ಎಂದು ಅವನ ಹೆಂಡತಿಯೇ ನಮ್ಮವ್ವನಿಗೆ ಹೇಳಿದಳು.

ಕಾಲುವೆ ಬಂದ ಮೇಲೆ ಅಪ್ಪ ಜೋಳ ಬಿಟ್ಟ. ಹೊಲ ಸಮ ಮಾಡಿಸಿ, ಒಡ್ಡು ಕಟ್ಟಿಸಿ, ಭತ್ತ ಹಚ್ಚಿದ. ಒಂದು ಬೆಳೆ ತೆಗೆದು ಮತ್ತೊಂದಕ್ಕೆ ನೀರು ಬಿಡುತ್ತಿದ್ದ. ತಗ್ಗಿನ ಮೂಲೆ ಯಾವಾಗಲೂ ಒದ್ದೆಯಾಗಿಯೇ ಇರುತ್ತಿತ್ತು. ಅಕ್ಕನಿಗೆ ಖುಷಿಯಾಯಿತು, ಮಣ್ಣು ನೆನೆಹಾಕುವ ಕೆಲಸವೇ ಉಳಿಯಲಿಲ್ಲ. ಆ ಸಲದ ಅಮಾವಾಸ್ಯೆಗೆ ನಾವಿಬ್ಬರೂ ಹೋಗಿ ಬುಟ್ಟಿ ತುಂಬ ತಂದೆವು. ಅಕ್ಕ ಎಂದಿನಂತೆ ಮಾಡಿ, ಪಡಸಾಲೆಯ ನೆರಳಲ್ಲಿ ಆರಲು ಇಟ್ಟಳು.

ಬೆಳಿಗ್ಗೆ ಎದ್ದು ನೋಡಿದರೆ ಎತ್ತುಗಳು ಬೆಳ್ಳಗಾಗಿದ್ದವು.

ಮೈಯೆಲ್ಲ ಅಲ್ಲ. ಕೊಂಬಿನ ತುದಿ, ಕಿವಿಯ ಅಂಚು, ಡುಬ್ಬ, ಬೆನ್ನ ಮೇಲಿನ ಗೆರೆ. ಯಾರೋ ಸಣ್ಣ ಕುಂಚದಿಂದ ಸುಣ್ಣ ಎಳೆದ ಹಾಗೆ. ಮೈಯ ಕಪ್ಪಿನ ಮೇಲೆ ಅದು ಎಷ್ಟು ಚಂದ ಕಾಣುತ್ತಿತ್ತೆಂದರೆ ಅವ್ವ ಕೈಯಲ್ಲಿದ್ದ ಕೊಡ ಇಳಿಸದೆ ಹಾಗೇ ನಿಂತಳು.

“ಸುಣ್ಣ ಹಚ್ಚಿದಿಯೇನು?”

“ಇಲ್ಲವಾ. ಮುಟ್ಟೇ ಇಲ್ಲ.”

ಓಣಿಗೆ ಹಿರಿಯಳಾದ ಗೌರಮ್ಮಾಯಿಯನ್ನು ಕರೆಸಿದರು. ಆಯಿ ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಸೆರಗು ತಲೆಯ ಮೇಲೆ ಎಳೆದುಕೊಂಡಳು. “ಬಸವಣ್ಣ ತಾನಾಗಿ ವಿಭೂತಿ ಹಚ್ಕೊಂಡಾನ,” ಎಂದಳು. “ಈ ಹುಡುಗಿ ಕೈಯಾಗ ಏನೋ ಅದ.”

ಅಷ್ಟರಲ್ಲಿ ಇನ್ನೊಂದು ನಡೆಯಿತು. ಅಪ್ಪ ನಮ್ಮ ನಿಜವಾದ ಎತ್ತನ್ನು ಮೈ ತೊಳೆದು ಹೊಡೆದುಕೊಂಡು ಬಂದಿದ್ದ. ಅದು ಪಡಸಾಲೆಯ ಕಟ್ಟೆಗೆ ಕುತ್ತಿಗೆ ಚಾಚಿ ಮಣ್ಣೆತ್ತಿನ ಬೆನ್ನು ನೆಕ್ಕತೊಡಗಿತು. ಹಗ್ಗ ಹಿಡಿದು ಎಳೆದರೂ ಬಿಡಲಿಲ್ಲ. ಆಯಿ ಕೈಮುಗಿದಳು. ಅವ್ವ ಕಾಯಿ ತಂದಳು. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಊರುಗಳವರು, ರಂಗಂಪೇಟೆಯಿಂದ ಕೂಡ ಇಬ್ಬರು, ತಮ್ಮ ಎತ್ತು ಹೊಡೆದುಕೊಂಡು ಬಂದರು. ಬಂದ ಎತ್ತೆಲ್ಲ ನೆಕ್ಕಿದವು. ಬಂದ ಜನ ನಮ್ಮ ಹೊಲದ ಮೂಲೆಯಿಂದ ಚೂರು ಚೂರು ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿ ತಮ್ಮ ಹೊಲದಲ್ಲಿ ಹಾಕಿದರು.

ಆ ದಿನ ಅಕ್ಕ ಹೋಳಿಗೆಯನ್ನು ನಿಂತೇ ತಿಂದಳು. ಅವಳಿಗೆ ಆಗ ಹದಿನಾಲ್ಕೋ ಹದಿನೈದೋ. ತುಪ್ಪದ ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿಕೊಂಡದ್ದನ್ನು ನಾನು ನೋಡಿದೆ.

ಮುಂದಿನ ವರ್ಷ ಜನ ಮೊದಲೇ ಹೇಳಿಹೋದರು. ಅಕ್ಕ ವಾರ ಮುಂಚೆ ಮಣ್ಣು ತಂದಳು. ಮಣ್ಣು ನೋಡಲು ಹಾಗೆಯೇ ಇತ್ತು, ಕೈಗೆ ಮಾತ್ರ ಬೇರೆಯಾಗಿತ್ತು. ನಾದಿದರೆ ಜಾರುತ್ತಿತ್ತು. ನಿಲ್ಲಿಸಿದ ಕಾಲು ಮಡಚಿಕೊಳ್ಳುತ್ತಿತ್ತು. ಹೇಗೋ ನಿಲ್ಲಿಸಿ ಆರಲು ಇಟ್ಟರೆ ಮೈಯೆಲ್ಲ ಬೆಳ್ಳಗೆ ಹಿಟ್ಟು ಹಿಟ್ಟಾಗಿ, ಕೊಂಬು ಉದುರುತ್ತಿತ್ತು. ಆಮೇಲೆ ಕಿವಿ. ಆಮೇಲೆ ಮುಖ. ಅಕ್ಕ ಹತ್ತಿ ಹೆಚ್ಚು ಬೆರೆಸಿದಳು, ಸೆಗಣಿ ಬೆರೆಸಿದಳು, ಬೆಲ್ಲದ ನೀರು ಚಿಮುಕಿಸಿದಳು. ಆರುವವರೆಗೆ ಪಕ್ಕದಲ್ಲೇ ಕೂತಳು. ಪಡಸಾಲೆಯ ತುಂಬ ಮುಖವಿಲ್ಲದ ಎತ್ತುಗಳು ನಿಂತವು.

ಗೌರಮ್ಮಾಯಿ ಬಂದು ನೋಡಿದಳು. ಅವ್ವನ ಕಡೆ ತಿರುಗಿ ದನಿ ಇಳಿಸಿ ಕೇಳಿದಳು, “ಈಕಿ ದೊಡ್ಡಾಕಿ ಆಗಿ ಎಷ್ಟು ದಿನ ಆತು?”

“ಯುಗಾದಿ ಹಿಂದ ಮುಂದ.”

“ಮುಟ್ಟಿನ್ಯಾಗ ಆ ಮೂಲಿ ತುಳದಾಳ. ಇಲ್ಲಂದ್ರ ಹಿಂಗ ಆಗಂಗಿಲ್ಲ.”

ಅಕ್ಕ ತುಳಿದಿದ್ದು ನಿಜ. ಭತ್ತದ ಕಳೆ ತೆಗೆಯಲು ಎಲ್ಲರೂ ತುಳಿಯುತ್ತಿದ್ದರು, ಅವ್ವನೂ ತುಳಿಯುತ್ತಿದ್ದಳು. ಆದರೆ ಆಯಿ ಹೇಳಿದ ಮೇಲೆ ಅಕ್ಕ ಹಿತ್ತಿಲಿಗೆ ಹೋಗಿ ಅರಿಶಿನದ ನೀರಲ್ಲಿ ಕೈ ತೊಳೆದು ಬಂದು ಮತ್ತೆ ಒಂದು ಎತ್ತು ಮಾಡಿದಳು. ಅದೂ ಉದುರಿತು.

ಹಬ್ಬಕ್ಕೆ ಅಪ್ಪ ಕುಂಬಾರರ ಮನೆಯಿಂದ ಎತ್ತು ತಂದ. ಓಣಿಯವರೂ ತಂದರು. ಮಲ್ಲಪ್ಪ ಮಾವ ಮಾತ್ರ ಬಂದು ಬಾಗಿಲಲ್ಲಿ ನಿಂತು, “ಮುರದಿದ್ದೇ ಕೊಡವಾ, ನಂದು ಹ್ಯಾಂಗೂ ಸೊರಗಿದ ಎತ್ತ,” ಎಂದ. ಅಕ್ಕ ಒಳಗಿಂದ ಹೊರಗೆ ಬರಲಿಲ್ಲ.

ಸಂಜೆ ಅವಳು ಉಳಿದ ಮಣ್ಣನ್ನೆಲ್ಲ ಬುಟ್ಟಿಗೆ ಬಳಿದಳು. “ನನ್ನ ಕೈಯಾಗಿಂದು ಹೋತು ನಿಂಗಿ,” ಎಂದಳು. ಹಸಿವಾಗಿದೆ ಎಂದು ಹೇಳುವ ದನಿಯಲ್ಲಿ ಹೇಳಿದಳು. ಅವತ್ತಿನಿಂದ ಅಕ್ಕ ಮಣ್ಣು ಹಿಡಿಯಲಿಲ್ಲ. ಮುಂದೆ ಎರಡು ಬೇಸಿಗೆ ಕಳೆದು ಅವಳನ್ನು ಬಳಿಚಕ್ರ ಎಂಬ ಊರಿಗೆ ಮದುವೆ ಮಾಡಿ ಕೊಟ್ಟೆವು.

ಅವಳು ಗಂಡನ ಮನೆಗೆ ಹೋದ ಮೇಲೆ ಆ ಮೂಲೆಯಲ್ಲಿ ಭತ್ತ ಕೆಂಪಗಾಗಿ ಕರಕಾಯಿತು. ಆಮೇಲೆ ಅರ್ಧ ಹೊಲ. ಬೆಳಗಿನ ಹೊತ್ತು ನೋಡಿದರೆ ನೆಲದ ಮೇಲೆ ಹಿಟ್ಟು ಚೆಲ್ಲಿದ ಹಾಗಿರುತ್ತಿತ್ತು. ಭೀಮರಾಯನಗುಡಿಯ ಕೃಷಿ ಕೇಂದ್ರದಿಂದ ಬಂದ ಒಬ್ಬರು ಮಣ್ಣು ನೋಡಿ, ಅಪ್ಪನಿಗೆ ತಿಳಿಸಿ ಹೇಳಿದರು. ನೀರು ಹೆಚ್ಚಾಗಿ ನಿಂತಿದೆ, ಬಸಿದುಹೋಗಲು ದಾರಿಯಿಲ್ಲ, ಕೆಳಗಿನ ಉಪ್ಪು ಮೇಲೆ ಬಂದು ಸವಳಾಗಿದೆ, ಈ ಸಾಲಿನ ಹೊಲಗಳೆಲ್ಲ ಹೀಗೇ ಆಗುತ್ತಿವೆ ಎಂದರು.

“ಮೊದ್ಲ ಗೊತ್ತಾಗ್ತಿರಲಿಲ್ಲೇನ್ರಿ?” ಅಪ್ಪ ಕೇಳಿದ.

“ಗೊತ್ತಾಗ್ತದ್ರಿ. ಮಣ್ಣು ಆರಿದ ಮ್ಯಾಲ ಬೆಳ್ಳಗ ಕಾಣ್ತದ. ದನ ಬಂದು ನೆಕ್ತಾವ.”

ಅಪ್ಪ ಒಡ್ಡಿನ ಮೇಲೆ ಕೂತ. ನಾನು ಅವನಿಗೆ ಬುತ್ತಿ ತಂದಿದ್ದೆ. ಅವನು ಬಿಚ್ಚಲಿಲ್ಲ.

ಅದೇ ವರ್ಷ ನಾಗರಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ಹೋದಾಗ ನಾನು ಮನೆ ಹೊಕ್ಕ ಕೂಡಲೇ ಹೇಳಿದೆ. ಅಕ್ಕ ಜೋಳ ಕೇರುತ್ತಿದ್ದಳು. “ನಿನ್ನ ಕೈದಲ್ಲಕ್ಕ ತಪ್ಪು. ಮಣ್ಣಿಂದು. ಮಣ್ಣಾಗ ಉಪ್ಪು ಬಂದಿತ್ತಂತ.”

ಅಕ್ಕನ ಮೊರ ನಿಂತಿತು.

“ಮಣ್ಣಿಂದ್ಯಾಕ ತಪ್ಪು?” ಎಂದಳು. “ಅದೇನು ತಾನಾಗಿ ಉಪ್ಪು ತಿಂದದೇನು. ನಾವು ತಿನಿಸೀವಿ. ಅದು ಹೇಳಿತ್ತು, ನಾವು ಕಾಯಿ ಒಡದ್ವಿ.” ಮತ್ತೆ ಕೇರಲು ಶುರು ಮಾಡಿದಳು.

“ಇಲ್ಲಿ ಮಣ್ಣು ಚಲೋ ಅದಲ್ಲ. ಇಲ್ಲಿ ಮಾಡು.”

“ಬ್ಯಾಡ. ಇವರಿಗೆ ಅಂಗಡಿದು ರೂಢಿ ಅದ.”

ನಾನು ಮತ್ತೊಮ್ಮೆ ಕೇಳಲಿಲ್ಲ. ಪ್ರತಿ ವರ್ಷವೂ ಕೇಳಬಹುದಿತ್ತೋ ಏನೋ. ಸಂಸಾರ, ಮಕ್ಕಳು, ಹೀಗೇ ಹೋಯಿತು.

ಹೋದ ತಿಂಗಳು ಅವಳನ್ನು ಬಳಿಚಕ್ರದ ಅವರ ಹೊಲದಲ್ಲೇ ಮಣ್ಣು ಮಾಡಿದರು. ಅದು ಮಳೆಯನ್ನೇ ನಂಬಿದ ಹೊಲ. ಎಲ್ಲರಂತೆ ನಾನೂ ಒಂದು ಹಿಡಿ ತೆಗೆದುಕೊಂಡೆ. ಮಣ್ಣು ಕಪ್ಪಗೆ, ತಣ್ಣಗೆ, ಬೆರಳು ಒತ್ತಿದ ಕಡೆ ಒತ್ತಿದ ಹಾಗೇ ನಿಂತಿತು. ಇದು ಎತ್ತಿಗೆ ಬರುತ್ತದೆ ಅನ್ನಿಸಿತು. ಆ ಹೊತ್ತಿನಲ್ಲಿ ಅನ್ನಿಸಿದ್ದು ಅಷ್ಟೇ. ಹಾಕಿ ಹಿಂದೆ ಸರಿದು ನಿಂತೆ.

ನಮ್ಮೂರಿನ ಹೊಲದಲ್ಲಿ ಈಗ ಜಾಲಿ ಬೆಳೆದಿದೆ. ಕಾಲುವೆಯಲ್ಲಿ ನೀರು ಬರುತ್ತದೆ, ಬೇರೆಯವರಿಗೆ ಬೆಳೆಯೂ ಬರುತ್ತದೆ. ಓಣಿಯಲ್ಲಿ ಎತ್ತುಗಳಿಲ್ಲ. ಅಕ್ಕ ಮಾಡಿದ ಎತ್ತುಗಳನ್ನು ಹಬ್ಬ ಮುಗಿದ ಮೇಲೆ ಎಂದಿನಂತೆ ನೀರಿಗೆ ಬಿಟ್ಟೆವು, ಹಾಗಾಗಿ ಅವೂ ಇಲ್ಲ. ಮಲ್ಲಪ್ಪ ಮಾವನ ಎತ್ತಿನ ಹೊಟ್ಟೆ ಹೇಗಿತ್ತು ಎಂದು ತೋರಿಸಲು ನನ್ನ ಬಳಿ ಏನೂ ಉಳಿದಿಲ್ಲ.

ಅಕ್ಕನ ದಿನಕರ್ಮ ಮುಗಿಸಿ ಬಳಿಚಕ್ರದಿಂದ ಹೊರಡುವಾಗ ಅಕ್ಕನ ಮೊಮ್ಮಗಳು ಶಹಾಪುರದ ಅಂಗಡಿಯಿಂದ ತಂದ, ಅಚ್ಚಿನಲ್ಲಿ ಎರೆದು ಬಣ್ಣ ಹೊಡೆದ ಎತ್ತು ಹಿಡಿದುಕೊಂಡು ನನ್ನ ಹತ್ತಿರ ಬಂದಳು. ನಾನು ಆಕೆಗೆ, ನಿಮ್ಮಜ್ಜಿ ಇದಕ್ಕಿಂತ ಚಂದ ಮಾಡುತ್ತಿದ್ದಳು ಎಂದೆ. ಆ ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಸೊಸೆ ಕೂಡ ತಿರುಗಿ ನೋಡಿದಳು.

“ನಿನಗ ಬರ್ತದೇನು?” ಹುಡುಗಿ ಕೇಳಿದಳು.

“ಇಲ್ಲವಾ.”

“ಯಾಕ ಕಲೀಲಿಲ್ಲ?”

“ಅಕ್ಕ ಇದ್ಲಲ್ಲ,” ಎಂದೆ.