ಭಾವನ ಬಳಸುದಾರಿ

ನನ್ನ ಅಕ್ಕನ ಗಂಡನಿಗೆ ಡಿಪೋದವರು ಇಟ್ಟ ಅಡ್ಡಹೆಸರು ‘ಬಳಸುದಾರಿ’. ಸಿಟಿ ಬಸ್ಸಿನ ಡ್ರೈವರ್ ಆಗಿದ್ದಷ್ಟು ಕಾಲವೂ ಭಾವ ಒಂದೇ ಹಟ ಹಿಡಿದಿದ್ದರು. ಬಸ್ಸು ದೊಡ್ಡ ರಸ್ತೆಯಲ್ಲಿ ನೆಟ್ಟಗೆ ಓಡಿಬಿಡಬಾರದು. ಇಳಿಜಾರಿನಲ್ಲಿ ಕೆಳಗಿಳಿದು, ಗಿರಣಿಯವರ ಸಾಲುಮನೆ, ಹಳ್ಳದ ಬದಿ, ಇಟ್ಟಿಗೆ ಗೂಡಿನ ಹಿಂದಿನ ಓಣಿ ಎಲ್ಲ ಮುಟ್ಟಿಕೊಂಡು ಮತ್ತೆ ರಸ್ತೆ ಸೇರಬೇಕು. ಡಿಪೋ ಸಭೆಯಲ್ಲಿ ಅವರು ಕೈ ಎತ್ತಿದರೆ ಸಾಕು, ಹಿಂದಿನ ಸಾಲಿನವರು “ಬಂತಪ್ಪಾ ಬಳಸುದಾರಿ” ಎಂದು ನಗುತ್ತಿದ್ದರು. ಮೇಲಿನವರ ಉತ್ತರವೂ ಬದಲಾದದ್ದಿಲ್ಲ: “ಟೈಮ್ ಹಾಳಾಗುತ್ತೆ. ಕೂತ್ಕೊಳ್ಳಿ.” ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಜನರ ಉಪಕಾರಕ್ಕೆ ಎಂದು ಭಾವ ಹೇಳಿಕೊಳ್ಳುತ್ತಿದ್ದರೂ ಅವರ ಮನಸ್ಸಿನಲ್ಲಿದ್ದದ್ದು ಅಕ್ಕನ ಮಂಡಿ. ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸಕ್ಕಿದ್ದಳು. ದಿನವಿಡೀ ಒದ್ದೆ ನೆಲದ ಮೇಲೆ ನಿಂತು ಮಂಡಿ ಸವೆದಿತ್ತು. ಮನೆ ಕೆಳಗೆ ಸಾಲುಮನೆಯಲ್ಲಿ, ಸ್ಟಾಪು ಏರಿನ ಮೇಲೆ. ಬೆಳಿಗ್ಗೆ ಭಾವನ ಬಸ್ಸು ಬರುವಷ್ಟರಲ್ಲಿ ಅವಳು ಏರು ಹತ್ತಿ ಏದುಸಿರು ಬಿಡುತ್ತಾ ಕಾದಿರುತ್ತಿದ್ದಳು. “ಡ್ರೈವರ್ ಹೆಂಡ್ತಿಗೇ ನಡಿಗೆ ತಪ್ಪಲಿಲ್ಲ ನೋಡಿ ಭಾವ, ದೀಪದ ಬುಡದಲ್ಲೇ ಕತ್ತಲು” ಎಂದು ರೇಗಿಸಿದರೆ ಅವರು ನಗುತ್ತಿರಲಿಲ್ಲ. ಚೆಲ್ಲಿದ ಚಹಾದಲ್ಲಿ ಬೆರಳದ್ದಿ ಮೇಜಿನ ಮೇಲೆ ರಸ್ತೆ ಬರೆದು, “ಇಲ್ಲಿ ತಿರುಗಿಸ್ಕೊಂಡ್ರೆ ನಿಮ್ಮಕ್ಕ ಹೊಸ್ತಿಲು ದಾಟಿ ಬಸ್ ಹತ್ತಬಹುದು ಕಣಮ್ಮ” ಎನ್ನುತ್ತಿದ್ದರು.

ನಿವೃತ್ತಿಯಾದ ಮೇಲೆ ಮರೆವು ಶುರುವಾಯಿತು. ಮೊದಲು ಕನ್ನಡಕ ಎಲ್ಲಿಟ್ಟೆ ಎನ್ನುವುದು ಮರೆಯಿತು, ಆಮೇಲೆ ಎದುರು ಮನೆಯಲ್ಲಿ ಹೊಲಿಗೆ ಯಂತ್ರ ತುಳಿಯುವ ನಾನು ಮರೆತುಹೋದೆ, ಕಡೆಗೆ ಅಕ್ಕನೂ. ಅನ್ನ ಬಡಿಸಿದರೆ, “ನಿಮಗ್ಯಾಕೆ ತೊಂದ್ರೆ ಅಮ್ಮಾ” ಎಂದು ಕೈ ಮುಗಿಯುತ್ತಿದ್ದರು. ಅಕ್ಕ ನನ್ನೆದುರು ಅಳಲಿಲ್ಲ. ಗಂಡನ ಹಟವನ್ನು ತಾನು ಹೊತ್ತುಕೊಂಡಳು. ಕೇರಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಸಾರಿಗೆ ಕಚೇರಿಗೆ ಎಡತಾಕಿದಳು. “ಅವ್ರಿಗೆ ಒಂಚೂರು ತಿಳಿವಳಿಕೆ ಇರೋವಾಗ್ಲೇ ಬಸ್ಸು ಕೆಳಗೆ ಬರ್ಬೇಕು ಕಣೇ. ತಾನು ಕೇಳಿದ್ದು ಆಯ್ತು ಅಂತ ಒಂದ್ಸಲ ಗೊತ್ತಾಗ್ಲಿ, ಅಷ್ಟು ಸಾಕು” ಎನ್ನುತ್ತಿದ್ದಳು.

ಕೊನೆಗೂ ಕಚೇರಿಯವರು ಒಪ್ಪಿದರು. ಒಂದು ಬಿಟ್ಟು ಒಂದು ಬಸ್ಸು ಕೆಳಗಿಳಿಯುವುದು, ಉಳಿದವು ಎಂದಿನಂತೆ ಮೇಲಿನ ರಸ್ತೆಯಲ್ಲೇ ಹೋಗುವುದು. ಮೊದಲ ದಿನ ಅಕ್ಕ ಭಾವನಿಗೆ ಇಸ್ತ್ರಿ ಅಂಗಿ ತೊಡಿಸಿದಳು. ಆಸ್ಪತ್ರೆಗೆ ತೋರಿಸಿಕೊಂಡು ಬರುವಾಗ ನಾವು ಮೂವರೂ ಆ ಹೊಸ ಬಸ್ಸೇ ಹತ್ತಿದೆವು. ಮೇಲಿನ ಸ್ಟಾಪು ಬರುವ ಮುನ್ನವೇ ಬಸ್ಸು ಇಳಿಜಾರಿಗೆ ತಿರುಗಿತು. ಮನೆಬಾಗಿಲುಗಳಲ್ಲಿ ಜನ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಅಕ್ಕ ಹೊರಗೆ ನೋಡದೆ ಭಾವನ ಮುಖವನ್ನೇ ನೋಡುತ್ತಿದ್ದಳು.

ಭಾವ ದಡಕ್ಕನೆ ಎದ್ದರು. “ಏಯ್, ಎಲ್ಲಿಗೆ ತಿರುಗಿಸ್ದೆ? ಇದು ರೂಟಲ್ಲ! ನಿಲ್ಸು!”

“ರೂಟ್ ಬದಲಾಗಿದೆ ಯಜಮಾನ್ರೇ, ಕೂತ್ಕೊಳ್ಳಿ” ಎಂದ ಡ್ರೈವರ್. ಪಾಪ, ಅವನು ಹೊಸಬ.

“ಯಾವನಯ್ಯ ಬದಲಾಯಿಸ್ದೋನು? ಮೇಲೆ ನನ್ನ ಹೆಂಡ್ತಿ ಕಾಯ್ತಿದ್ದಾಳೆ!”

ಅಕ್ಕ ತೋಳು ಹಿಡಿದಳು. “ರೀ, ನಾನು ಇಲ್ಲೇ ಇದ್ದೀನಲ್ರೀ. ನೀವೇ ಕೇಳಿದ ದಾರಿ ಇದು.”

ಭಾವ ಅವಳ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡರು. “ನಿಮಗೆ ಗೊತ್ತಾಗಲ್ಲ ಅಮ್ಮಾ. ಅವಳಿಗೆ ಮಂಡಿ ನೋವು. ನಾನು ಹೋಗೋವರೆಗೂ ನಿಂತೇ ಇರ್ತಾಳೆ.”

ಏನೂ ತಿಳಿಯದೆ ಚಪ್ಪಾಳೆ ತಟ್ಟುತ್ತಿದ್ದವರ ಮೇಲೆಲ್ಲ ನನಗೆ ಸಿಟ್ಟು ಬಂತು. ಬಸ್ಸು ನಮ್ಮ ಬಾಗಿಲಿಗೇ ಬಂದು ನಿಂತಿತು. ಇಳಿದ ಭಾವ ಮನೆಯ ಕಡೆ ತಿರುಗಿಯೂ ನೋಡದೆ ಏರು ಹತ್ತತೊಡಗಿದರು. ಅವರ ಹಿಂದೆ ಅಕ್ಕ, ಅಕ್ಕನ ಹಿಂದೆ ನಾನು. “ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ” ಎಂದಳು ಪಕ್ಕದ ಮನೆಯ ಮುದುಕಿ. ಅವಳ ಬಾಯಿಗೆ ಹೊಲಿಗೆ ಹಾಕಬೇಕು ಅನ್ನಿಸಿತು.

ಮೇಲೆ ತಲುಪಿದಾಗ ಅಕ್ಕ ಸೋತು ಸ್ಟಾಪಿನ ಕಂಬಕ್ಕೆ ಒರಗಿ ನಿಂತಳು. ಅತ್ತಿತ್ತ ಹುಡುಕುತ್ತಿದ್ದ ಭಾವ ತಿರುಗಿ ನೋಡಿದರು. ನೋಡುತ್ತಲೇ ಅವರ ಮುಖ ಬೆಳಗಿತು.

“ಬಂದ್ಯಾ? ತುಂಬ ಹೊತ್ತಾಯ್ತೇನೇ ನಿಂತು?”

ಅವರು ಅವಳನ್ನು ಹಾಗೆ ಏಕವಚನದಲ್ಲಿ ಮಾತನಾಡಿಸಿ ಎಷ್ಟು ಕಾಲವಾಗಿತ್ತೋ. “ಇಲ್ಲ ರೀ, ಈಗ ಬಂದೆ” ಎಂದಳು ಅಕ್ಕ. ನಾನು ಆ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಈಗ ಆಸ್ಪತ್ರೆಗೆ ಹೋಗುವ ದಿನ ಬಸ್ಸು ಅವರ ಮನೆಯ ಮುಂದೆ ನಿಂತು ಹಾರನ್ ಹೊಡೆಯುತ್ತದೆ. ಅಕ್ಕ ಕೈಸನ್ನೆ ಮಾಡಿ ಅದನ್ನು ಕಳಿಸಿ, ಭಾವನನ್ನು ಕರೆದುಕೊಂಡು ಏರು ಹತ್ತುತ್ತಾಳೆ. ಅರ್ಧ ದಾರಿಯಲ್ಲಿ ಮಂಡಿ ಹಿಡಿದು ಕೂತುಬಿಡುತ್ತಾಳೆ. ಮೊನ್ನೆ ನೋಡಲಾರದೆ ಬೈದೇಬಿಟ್ಟೆ: “ಅಷ್ಟು ಒದ್ದಾಡಿ ಬಸ್ ತರಿಸಿದ್ದು ಯಾರಿಗೋಸ್ಕರ? ಕಾಲು ಪೂರ್ತಿ ಹೋದ್ರೆ ನಿನ್ನ ಹೊತ್ಕೊಂಡು ತಿರುಗೋರು ಯಾರೇ?”

“ಹೋದಾಗ ನೋಡ್ಕೊಳ್ಳೋಣ ಬಿಡೇ” ಎಂದಳು ಅಕ್ಕ. “ಮನೇಲಿ ನಾನು ಯಾರೋ ಕಣೇ. ಮೇಲೆ ಹೋಗಿ ನಿಂತ್ರೆ ಅವ್ರ ಹೆಂಡ್ತಿ.”